ದುಃಖದ ಚಿತ್ರ ಯಾರದು?

ಬೆಂಗಳೂರಿನ ನನ್ನ ಮನೆಯ ನಡುಮನೆಯಲ್ಲಿ, ಗಡಿಯಾರಕ್ಕೂ ಕ್ಯಾಲೆಂಡರಿಗೂ ನಡುವೆ, ಗೋಡೆಯಲ್ಲಿ ಒಂದು ಮೊಳೆ ಇದೆ. ಅದಕ್ಕೆ ಏನನ್ನೂ ತೂಗುಹಾಕಿಲ್ಲ. ಮನೆಗೆ ಬಂದವರಲ್ಲಿ ಕೆಲವರು ಅದನ್ನು ನೋಡಿ, "ಇಲ್ಲೊಂದು ಪಟ ಹಾಕಬಾರದೆ?" ಎನ್ನುವುದುಂಟು. ಹಿಂದೆ ಅಲ್ಲಿ ಒಂದು ಪಟ ಇತ್ತು. ಆರು ದಿನ ಇತ್ತು. ಅದನ್ನು ಹಾಕಿದವನು ನಾನು, ತೆಗೆಸಿದವಳು ನನ್ನ ಅಕ್ಕ. ಆ ಆರು ದಿನಗಳ ವಿಷಯ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಈಗೀಗ ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಭಾನುವಾರದ ಶಿಬಿರಗಳಲ್ಲಿ 'ಕಲಾಚಿಕಿತ್ಸೆ' ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಚಿತ್ರ ಬರೆದರೆ, ಬಣ್ಣ ಬಳಿದರೆ, ಮಣ್ಣು ಕಲಸಿದರೆ ಮನಸ್ಸಿನ ಭಾರ ಇಳಿಯುತ್ತದೆ ಎನ್ನುತ್ತಾರೆ. ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾಗೆ ಇಳಿಸಿದ ಭಾರವನ್ನು ಪಕ್ಕದಲ್ಲಿರುವವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ತಪ್ಪು ಮಾಡಿ ಕಲಿತೆ.

ನಮ್ಮೂರು ಮೊಳಕಾಲ್ಮೂರು. ಚಿತ್ರದುರ್ಗ ಜಿಲ್ಲೆಯ ಬಡಗಣ ಮೂಲೆ. ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ಆಂಧ್ರದ ರಾಯದುರ್ಗ. ಮಳೆ ಕಡಮೆ, ಬಂಡೆ ಹೆಚ್ಚು. ಹೊಲಕ್ಕೆ ಹೋದರೆ ಶೇಂಗಾ, ಮನೆಗೆ ಬಂದರೆ ಮಗ್ಗ. ನುಂಕೆಮಲೆಯ ಬೆಟ್ಟದ ಕೆಳಗೆ ನೇಕಾರರ ಕೇರಿಯಲ್ಲಿ ಹುಟ್ಟಿದವರಿಗೆ ಲಾಳಿಯ ಸದ್ದು ಜೋಗುಳಕ್ಕಿಂತ ಮೊದಲು ಕಿವಿಗೆ ಬಿದ್ದಿರುತ್ತದೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು; ಅದಕ್ಕಿಂತ ಬಹಳ ಮೊದಲೇ ಮದುವೆಯ ಜವಳಿ ಕೊಳ್ಳುವ ಹೆಂಗಸರ ಮನ್ನಣೆ ಸಿಕ್ಕಿತ್ತು. ಅಗಲವಾದ ಅಂಚು, ಒಡಲಲ್ಲಿ ಬುಟ್ಟಾ, ಸೆರಗಿನಲ್ಲಿ ಹಕ್ಕಿ, ಹಣ್ಣು, ಹೂವು. ನಮ್ಮ ತಂದೆ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಅಕ್ಕ ಏಳೆಂಟು ವರ್ಷಕ್ಕೇ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಲು ಕಲಿತಳು. ನಾನು ಓದು ಕಲಿತೆ, ಊರು ಬಿಟ್ಟೆ, ವಿಮಾ ಕಚೇರಿಯಲ್ಲಿ ಗುಮಾಸ್ತನಾದೆ. ಅಕ್ಕ ಅದೇ ಕೇರಿಯ ಇನ್ನೊಂದು ಮಗ್ಗದ ಮನೆಗೆ ಸೊಸೆಯಾಗಿ ಹೋದಳು.

೨೦೧೮ರಲ್ಲಿ ಅವಳ ಒಬ್ಬನೇ ಮಗ ರಸ್ತೆಯ ಅಪಘಾತದಲ್ಲಿ ತೀರಿಕೊಂಡ. ಇಪ್ಪತ್ತಾರು ವರ್ಷ. ಅದನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಹನ್ನೊಂದನೆಯ ದಿನ ಕಳೆದ ಮೇಲೆ ಎಲ್ಲರೂ ಅವರವರ ಊರಿಗೆ ಹೋದೆವು. ಅಕ್ಕ ಮೊದಮೊದಲು ಅತ್ತಳು, ಹಾಡಿಕೊಂಡು ಅತ್ತಳು. ನಮ್ಮ ಕಡೆಯ ಹೆಂಗಸರು ಸತ್ತವರ ಗುಣಗಳನ್ನು ಹೇಳಿಕೊಂಡು, ರಾಗವಾಗಿ, ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ಅಳುತ್ತಾರೆ. ಆಮೇಲೆ ಅವಳು ಅಳುವುದನ್ನು ನಿಲ್ಲಿಸಿದಳು. ಅಳು ನಿಂತಿತೆಂದು ನಾವು ಸಮಾಧಾನಪಟ್ಟೆವು. ಅದು ನಾವು ಮಾಡಿದ ಮೊದಲನೆಯ ತಪ್ಪು. ಅಳುವಿನೊಡನೆ ಮಾತು ನಿಂತಿತ್ತು, ನಿದ್ರೆ ನಿಂತಿತ್ತು, ಹಸಿವು ನಿಂತಿತ್ತು. ಭಾವ ದೇವಸ್ಥಾನಗಳಿಗೆ ಕರೆದುಕೊಂಡು ಹೋದರು. ಯಾರೋ ದಾರ ಕಟ್ಟಿದರು. ಇನ್ನಾರೋ ಗಾಳಿ ಎಂದರು. ಆರು ತಿಂಗಳು ಹೀಗೆ ಹೋಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ, ೧೯೮೫ರ ಸುಮಾರಿಗೆ, ನಿಮ್ಹಾನ್ಸ್ ಸಂಸ್ಥೆಯವರು ಒಂದು ದೊಡ್ಡ ಪ್ರಯೋಗ ನಡೆಸಿದರು. ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ, ತಾಲ್ಲೂಕಿನ ಮತ್ತು ಹಳ್ಳಿಯ ಸರ್ಕಾರಿ ವೈದ್ಯರಿಗೇ ತರಬೇತಿ ಕೊಟ್ಟರೆ ಬಹುಪಾಲು ಕಾಯಿಲೆಗಳನ್ನು ಅಲ್ಲಿಯೇ ನೋಡಬಹುದು ಎಂಬುದು ಅದರ ಸಾರ. ಆ ಬಳ್ಳಾರಿಯ ಮಾದರಿಯೇ ೧೯೯೬ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಲೋಕಕ್ಕೆ ಮಾದರಿಯಾದದ್ದು ನಮ್ಮ ಊರಿನಿಂದ ಒಂದೆರಡು ಗಂಟೆಯ ಹಾದಿಯಲ್ಲಿ ನಡೆದಿತ್ತು. ಓದಿದವನೆನಿಸಿಕೊಂಡ ನನಗೆ ಅದರ ಅರಿವಿರಲಿಲ್ಲ. ಅರಿವಿದ್ದಿದ್ದರೆ ಅಕ್ಕನ ಆರು ತಿಂಗಳು ಉಳಿಯುತ್ತಿತ್ತು. ಈಗಂತೂ, ೨೦೨೨ರಿಂದೀಚೆಗೆ, ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳುವ ಸೌಕರ್ಯವಿದೆ. ಓದುಗರು ಈ ಪ್ರಬಂಧದಲ್ಲಿ ಬೇರೆ ಯಾವುದನ್ನು ಮರೆತರೂ ಅದೊಂದನ್ನು ನೆನಪಿಟ್ಟರೆ ನಾನು ಬರೆದದ್ದು ಸಾರ್ಥಕ.

ಕಡೆಗೆ ಅಕ್ಕನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಖಿನ್ನತೆ ಎಂದರು, ಮಾತ್ರೆ ಬರೆದರು. ಮೂರನೆಯ ವಾರಕ್ಕೆ ನಿದ್ರೆ ಬಂತು, ಆಮೇಲೆ ಹಸಿವು ಬಂತು. ಮಾತು ಮಾತ್ರ ಬರಲಿಲ್ಲ. ಆಗ ವಾರಕ್ಕೆರಡು ಸಲ ಒಬ್ಬ ತರುಣಿ ಬಂದು ಅವಳ ಮುಂದೆ ದಪ್ಪ ಕಾಗದದ ಹಾಳೆಗಳನ್ನೂ ಮೇಣದ ಬಣ್ಣದ ಕಡ್ಡಿಗಳನ್ನೂ ಇಟ್ಟು ಕೂರತೊಡಗಿದಳು. ಇದನ್ನು ಕಂಡು ನನಗೆ ನಗೆಯೂ ಬಂತು, ಸಿಟ್ಟೂ ಬಂತು. ಮಗನನ್ನು ಕಳೆದುಕೊಂಡ ಐವತ್ತೆಂಟು ವರ್ಷದ ಹೆಂಗಸಿಗೆ ಬಾಲವಾಡಿಯ ಆಟವೆ? ಅದೂ ಹುಟ್ಟಿದಾರಭ್ಯ ಬಣ್ಣದ ನೂಲಿನ ನಡುವೆಯೇ ಬೆಳೆದವಳಿಗೆ? ಕೈಯಲ್ಲಿ ಕಲೆ ಇರುವವಳಿಗೆ ಕಲೆಯ ಔಷಧವೇಕೆ? ಕಲೆ ದುಃಖವನ್ನು ಕಳೆಯುವುದಾದರೆ ಮೊಳಕಾಲ್ಮೂರಿನಲ್ಲಿ ದುಃಖವೇ ಇರಬಾರದಾಗಿತ್ತಲ್ಲ!

ಈ ಪ್ರಶ್ನೆ ಸುಲಭದ್ದಲ್ಲ. ಅದಕ್ಕೆ ಉತ್ತರ ಹೊಳೆಯುವುದಕ್ಕೆ ನನಗೆ ಬಹಳ ದಿನ ಬೇಕಾಯಿತು. ಮಗ್ಗದ ಕೆಲಸದಲ್ಲಿ ಸೌಂದರ್ಯವಿದೆ, ನಿಜ. ಆದರೆ ಅದು ನೇಯುವವನ ಮನಸ್ಸಿನ ಮಾತಲ್ಲ. ನಕ್ಷೆ ಯಾರೋ ಬರೆದದ್ದು, ರಟ್ಟಿನ ಪಟ್ಟಿಯಲ್ಲಿ ತೂತು ಕೊರೆದು ಮಗ್ಗದ ಮೇಲೆ ಏರಿಸಿದ್ದು. ಬಣ್ಣ ಸಾಹುಕಾರ ಹೇಳಿದ್ದು. ನಡುವೆ ಒಂದು ಎಳೆ ತಪ್ಪಿದರೆ ಕೂಲಿಯಲ್ಲಿ ಕಡಿತ. ಮಗ ಸತ್ತ ವಾರವೂ ಹಕ್ಕಿ ಹಕ್ಕಿಯಾಗಿಯೇ ಬರಬೇಕು, ಹೂವು ಹೂವಾಗಿಯೇ ಅರಳಬೇಕು. ಕಸುಬಿನ ದೊಡ್ಡತನ ಅದೇ. ಅದರ ಕಷ್ಟವೂ ಅದೇ. ಆ ಬಿಳಿಯ ಹಾಳೆ ಅಕ್ಕನ ಬಾಳಿನಲ್ಲಿ ತಪ್ಪು ಮಾಡಬಹುದಾಗಿದ್ದ ಮೊದಲನೆಯ ಜಾಗ. ಅದನ್ನು ಯಾರೂ ಅಳೆಯುವುದಿಲ್ಲ, ಯಾರೂ ಕೊಳ್ಳುವುದಿಲ್ಲ, ಹರಿದರೆ ಇನ್ನೊಂದು ಸಿಗುತ್ತದೆ. ಅವಳು ಮೊದಲ ದಿನ ಏನೂ ಮಾಡಲಿಲ್ಲ. ಎರಡನೆಯ ದಿನ ಒಂದು ಕಡ್ಡಿಯನ್ನು ಹಿಡಿದು ಹಾಳೆ ಹರಿಯುವವರೆಗೆ ತಿಕ್ಕಿದಳು. ಆ ತರುಣಿ ಮಾತಾಡದೆ ಇನ್ನೊಂದು ಹಾಳೆ ಕೊಟ್ಟಳು. ಐದನೆಯ ವಾರವೋ ಆರನೆಯ ವಾರವೋ ಅಕ್ಕ ಒಂದು ಚಿತ್ರ ಬರೆದಳು. ಬರೆದು, ಅದನ್ನು ತೋರಿಸಿ, ಎಂಟು ತಿಂಗಳ ಮೇಲೆ ಮೊದಲ ಸಲ ಮಗನ ಹೆಸರು ಹೇಳಿದಳು.

ಇದು ಹೊಸ ವಿದ್ಯೆ ಎಂದು ತಿಳಿಯುವವರಿದ್ದಾರೆ. ಹೆಸರು ಹೊಸದು. ಏಡ್ರಿಯನ್ ಹಿಲ್ ಎಂಬ ಆಂಗ್ಲ ಚಿತ್ರಕಾರ ೧೯೩೮ರಲ್ಲಿ ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಬೇಸರ ಕಳೆಯಲು ಚಿತ್ರ ಬರೆಯುತ್ತಿದ್ದ. ಆಮೇಲೆ ಪಕ್ಕದ ಹಾಸಿಗೆಗಳ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಬರೆಯಲು ಹೇಳಿಕೊಟ್ಟ. ಆ ಕೆಲಸಕ್ಕೆ ಕಲಾಚಿಕಿತ್ಸೆ ಎಂಬ ಹೆಸರನ್ನು ೧೯೪೨ರಲ್ಲಿ ಅವನೇ ಇಟ್ಟ. ಹೆಸರು ಅಷ್ಟು ಈಚಿನದಾದರೂ ಆಸೆ ಹಳೆಯದು. ನಮ್ಮ ಭರತಮುನಿ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ, ದುಃಖದಿಂದ ನೊಂದವರಿಗೆ, ದುಡಿದು ದಣಿದವರಿಗೆ, ಶೋಕದಲ್ಲಿ ಬಿದ್ದವರಿಗೆ ವಿಶ್ರಾಂತಿ ಕೊಡುವುದು ನಾಟ್ಯದ ಪ್ರಯೋಜನಗಳಲ್ಲಿ ಒಂದು ಎಂದು ಎಣಿಸಿದ್ದಾನೆ. ಗ್ರೀಸಿನ ಅರಿಸ್ಟಾಟಲನೂ ರುದ್ರನಾಟಕದಿಂದ ಮನಸ್ಸು ತಿಳಿಯಾಗುವ ವಿಷಯ ಹೇಳಿದ. ಇವರಿಬ್ಬರೂ ಹೇಳಿದ್ದು ಕಲೆಯನ್ನು ನೋಡುವವನ ವಿಷಯ. ಹಿಲ್ ಹೇಳಿದ್ದು ಮಾಡುವವನ ವಿಷಯ. ಅಷ್ಟೇ ವ್ಯತ್ಯಾಸ, ಆದರೆ ದೊಡ್ಡ ವ್ಯತ್ಯಾಸ.

ನಿಜವಾಗಿಯೂ ಗುಣವಾಗುತ್ತದೆಯೆ ಎಂದು ಕೇಳುವವರಿಗೆ ಪ್ರಾಮಾಣಿಕವಾಗಿ ಹೇಳಬೇಕಾದದ್ದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆ ೨೦೧೯ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಲೆಗಳಿಂದ ಆರೋಗ್ಯಕ್ಕೆ ಸಹಾಯವಿದೆ ಎಂದಿತು. ಅಮೆರಿಕದಲ್ಲಿ ೨೦೧೬ರಲ್ಲಿ ೩೯ ಜನ ವಯಸ್ಕರಿಗೆ ೪೫ ನಿಮಿಷ ಬಣ್ಣ, ಜೇಡಿಮಣ್ಣು ಕೊಟ್ಟು ನೋಡಿದಾಗ, ನೂರಕ್ಕೆ ಎಪ್ಪತ್ತೈದರಷ್ಟು ಜನರ ಮೈಯಲ್ಲಿ ಉದ್ವೇಗದ ಗುರುತಾದ ಕಾರ್ಟಿಸಾಲ್ ಎಂಬ ರಸ ಇಳಿದಿತ್ತು. ಮೊದಲೇ ಚಿತ್ರ ಬಲ್ಲವರಿಗೂ ಏನೂ ಬಾರದವರಿಗೂ ಅದರಲ್ಲಿ ಭೇದ ಕಾಣಲಿಲ್ಲ. ಆದರೆ ಮೂವತ್ತೊಂಬತ್ತು ಜನರಿಂದ ಲೋಕಕ್ಕೆಲ್ಲ ತೀರ್ಪು ಹೇಳಲಾಗದು. ಇಂಗ್ಲೆಂಡಿನ ವೈದ್ಯ ಪತ್ರಿಕೆಯೊಂದು ೨೦೧೨ರಲ್ಲಿ ಪ್ರಕಟಿಸಿದ ದೊಡ್ಡ ಪರೀಕ್ಷೆ ಬೇರೆಯ ಮಾತು ಹೇಳುತ್ತದೆ. ಸ್ಕಿಜೋಫ್ರೀನಿಯ ಕಾಯಿಲೆಯ ೪೧೭ ಜನರನ್ನು ಹಂಚಿ, ಕೆಲವರಿಗೆ ಗುಂಪಿನಲ್ಲಿ ಕಲಾಚಿಕಿತ್ಸೆಯನ್ನು ಸೇರಿಸಿ ನೋಡಿದರು; ಎರಡು ವರ್ಷಗಳ ಕೊನೆಗೆ, ಎಂದಿನ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಇವರ ಸ್ಥಿತಿ ಮೇಲಾಗಿರಲಿಲ್ಲ. ಕರೆದರೂ ತರಗತಿಗೆ ಬರದವರೇ ಅವರಲ್ಲಿ ಬಹಳ. ಆದ್ದರಿಂದ ಇದು ಸರ್ವರೋಗನಿವಾರಿಣಿಯಲ್ಲ. ಮಾತ್ರೆಯ ಬದಲಿಗೆ ಬಣ್ಣ ಎನ್ನುವವರನ್ನು ನಂಬಬಾರದು. ಅಕ್ಕನಿಗೆ ಮೊದಲು ಬಂದದ್ದು ನಿದ್ರೆ. ನಿದ್ರೆ ಕೊಟ್ಟದ್ದು ಮಾತ್ರೆ. ನಿದ್ರೆಯಿಲ್ಲದ ಕೈ ಬಣ್ಣದ ಕಡ್ಡಿಯನ್ನು ಹಿಡಿಯುತ್ತಿರಲಿಲ್ಲ.

ಇನ್ನು ಮೊಳೆಯ ವಿಷಯ. ಅಕ್ಕ ಆಸ್ಪತ್ರೆ ಬಿಟ್ಟು ಊರಿಗೆ ಹೊರಟ ದಿನ ಅವಳ ಹಾಳೆಗಳನ್ನೆಲ್ಲ ಒಂದು ಲಕೋಟೆಯಲ್ಲಿಟ್ಟು ಅವಳ ಕೈಗೆ ಕೊಟ್ಟರು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅದು ನನ್ನ ಚೀಲಕ್ಕೆ ಬಂತು. ಲಕೋಟೆ ತೆರೆದು ನೋಡಿದೆ. ಆ ಚಿತ್ರವನ್ನು ನೋಡಿದೆ. ಕಣ್ಣು ತುಂಬಿತು. ಅಕ್ಕನಲ್ಲಿ ಇಂಥ ಶಕ್ತಿ ಇತ್ತೆ ಎಂದು ಹೆಮ್ಮೆಯಾಯಿತು. ಮಾರನೆಯ ದಿನವೇ ಅದಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ನಡುಮನೆಯಲ್ಲಿ ತೂಗುಹಾಕಿದೆ. ಬಂದವರೆಲ್ಲ ನೋಡಿದರು. ಚಿತ್ರಕಲೆ ಬಲ್ಲ ಗೆಳೆಯರೊಬ್ಬರು ಈ ಕಪ್ಪಿಗೆ ಇದು ಅರ್ಥ, ಈ ಕೆಂಪಿಗೆ ಅದು ಅರ್ಥ ಎಂದು ವಿವರಿಸಿದರು. ಇನ್ನೊಬ್ಬರು, "ಇದನ್ನೇ ನಕ್ಷೆ ಮಾಡಿಸಿ ಸೆರಗಿಗೆ ಹಾಕಿಸಿದರೆ ಹೊಸ ಮಾದರಿಯಾಗುತ್ತದೆ" ಎಂದರು. ನಾನು ಅವರ ಮಾತಿಗೆ ತಲೆದೂಗಿದೆ. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಆರನೆಯ ದಿನ ಅಕ್ಕ ಮರುಪರೀಕ್ಷೆಗೆಂದು ಊರಿನಿಂದ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಗೋಡೆಯನ್ನು ನೋಡಿ ನಿಂತಳು.

"ಇದನ್ಯಾಕೋ ಇಲ್ಲಿ ಹಾಕಿದೀಯ?"

"ಎಲ್ಲರೂ ಮೆಚ್ಚಿದರು ಅಕ್ಕ. ಎಷ್ಟು ಚೆನ್ನಾಗಿದೆ ಅಂದರು."

"ಮೆಚ್ಚೋದಕ್ಕೆ ಅದೇನು ಸೀರೇನೇನೋ ತಮ್ಮಾ? ನಾನು ಅತ್ತಿದ್ದು ಅದು. ಅತ್ತಿದ್ದನ್ನ ಗ್ವಾಡೆಗೆ ತೂಗುಹಾಕ್ತಾರೇನೋ?"

ನಾನು ಪಟ ಇಳಿಸಿದೆ. ಅವಳು ಗಾಜನ್ನು ನನಗೆ ಬಿಟ್ಟು, ಹಾಳೆಯನ್ನು ಮಡಿಸಿ ಬಾಳೆಕಾಯಿ ತಂದಿದ್ದ ಚೀಲದೊಳಕ್ಕೆ ಇಟ್ಟುಕೊಂಡಳು. ಆಮೇಲೆ ಅಡಿಗೆಮನೆಗೆ ಹೋಗಿ ನನ್ನ ಹೆಂಡತಿಯೊಡನೆ ಮಾತಿಗೆ ಕೂತಳು. ಕೋಪ ಮಾಡಲಿಲ್ಲ. ಕೋಪ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ದುಃಖಿಯೊಬ್ಬ ತನ್ನ ದುಃಖಕ್ಕೆ ರೂಪ ಕೊಟ್ಟರೆ ಆ ರೂಪ ಯಾರದು? ಬರೆದ ಕೈಯದೆ, ಬರೆಸಿದ ವೈದ್ಯರದೆ, ಔಷಧಕ್ಕೆ ಹಣ ಕೊಟ್ಟ ಮನೆಯವರದೆ, ಅಥವಾ ಸುಂದರವಾದದ್ದೆಲ್ಲ ಲೋಕದ್ದೆ?

ಸುಂದರವಾದದ್ದು ಲೋಕದ್ದು ಎಂಬ ಪಕ್ಷಕ್ಕೆ ನಮ್ಮಲ್ಲಿ ಆದಿಕವಿಯೇ ಸಾಕ್ಷಿ. ಬೇಡನ ಬಾಣಕ್ಕೆ ಗಂಡು ಕ್ರೌಂಚ ಬಿತ್ತು, ಹೆಣ್ಣು ಕೂಗಿತು, ಕೇಳಿದ ವಾಲ್ಮೀಕಿಯ ಶೋಕ ಶ್ಲೋಕವಾಯಿತು, ಲೋಕಕ್ಕೆ ರಾಮಾಯಣ ಸಿಕ್ಕಿತು. ಈ ಕಥೆಯನ್ನು ನಾನು ಬಾಲ್ಯದಿಂದ ಕೇಳಿದ್ದೇನೆ, ನೂರು ಸಲ ಮೆಚ್ಚಿದ್ದೇನೆ. ಅಕ್ಕ ಪಟ ಇಳಿಸಿದ ಮೇಲೆ ಒಂದು ಸಂಗತಿ ಹೊಳೆಯಿತು: ಗಂಡನನ್ನು ಕಳೆದುಕೊಂಡದ್ದು ಹೆಣ್ಣು ಹಕ್ಕಿ, ಕವಿಯಾದದ್ದು ಮುನಿ. ಹಕ್ಕಿಯನ್ನು ಯಾರೂ ಕೇಳಲಿಲ್ಲ. ಹೀಗೆಂದು ವಾಲ್ಮೀಕಿಯನ್ನು ದೂಷಿಸುವಷ್ಟು ಮೂರ್ಖ ನಾನಲ್ಲ. ಮುನಿ ಹಾಡಿದ್ದು ಹಕ್ಕಿಯ ದುಃಖವನ್ನಲ್ಲ, ಅದನ್ನು ಕಂಡು ತನ್ನಲ್ಲಿ ಹುಟ್ಟಿದ ದುಃಖವನ್ನು. ತನ್ನದನ್ನು ಲೋಕಕ್ಕೆ ಕೊಡುವ ಹಕ್ಕು ಅವನಿಗಿತ್ತು. ನಾನು ಮಾಡಿದ್ದು ಹಾಗಲ್ಲ. ನಾನು ಹಕ್ಕಿಯ ಕೂಗನ್ನೇ ಹಿಡಿದು ಗಾಜಿನೊಳಗಿಟ್ಟೆ.

ಕಾವ್ಯವನ್ನು ಕವಿ ಕಾಣಲೆಂದು, ಕೇಳಲೆಂದು ರಚಿಸುತ್ತಾನೆ. ಅದರ ಬಾಗಿಲು ಬೀದಿಗೆ ತೆರೆದಿರುತ್ತದೆ. ಆಸ್ಪತ್ರೆಯ ಹಾಳೆಯ ಬಾಗಿಲು ಒಳಮನೆಗೆ. ಎರಡರಲ್ಲಿಯೂ ಬಣ್ಣವಿದೆ, ರೇಖೆಯಿದೆ, ಒಮ್ಮೊಮ್ಮೆ ಸೊಬಗೂ ಸಮನಾಗಿರುತ್ತದೆ. ಸೊಬಗು ಸಮನಾದ ಮಾತ್ರಕ್ಕೆ ಹಕ್ಕು ಸಮನಾಗುವುದಿಲ್ಲ. ಬೀದಿಯಲ್ಲಿ ಹೋಗುವಾಗ ತೆರೆದ ಕಿಟಕಿಯಿಂದ ಯಾರೋ ಅಳುವುದು ಕೇಳಿಸಿದರೆ ನಾವು ನಿಂತು, ರಾಗ ಚೆನ್ನಾಗಿದೆ ಎನ್ನುವುದಿಲ್ಲವಷ್ಟೆ?

ಇದು ಬರಿಯ ಸೂಕ್ಷ್ಮದ ಮಾತಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಭೀಕರವಾದ ಒಂದು ಸಾಕ್ಷಿಯಿದೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಹಾನ್ಸ್ ಪ್ರಿನ್ಸ್‌ಹಾರ್ನ್ ಎಂಬ ವೈದ್ಯ ಮನೋರೋಗಿಗಳು ಬರೆದ ಸಾವಿರಾರು ಚಿತ್ರಗಳನ್ನು ಕೂಡಿಹಾಕಿ, ೧೯೨೨ರಲ್ಲಿ ಅವುಗಳ ಬಗೆಗೆ ದೊಡ್ಡ ಗ್ರಂಥ ಪ್ರಕಟಿಸಿದ. ಅವನಿಗಿದ್ದದ್ದು ಗೌರವ, ಆ ಚಿತ್ರಗಳಲ್ಲಿ ಅವನು ಮನುಷ್ಯನ ಸೃಷ್ಟಿಶಕ್ತಿಯನ್ನು ಕಂಡ. ಯೂರೋಪಿನ ದೊಡ್ಡ ಚಿತ್ರಕಾರರು ಆ ಪುಸ್ತಕವನ್ನು ಕಂಡು ಬೆರಗಾದರು. ಅವನು ೧೯೩೩ರಲ್ಲಿ ತೀರಿಕೊಂಡ. ಆಮೇಲೆ ನಾಜಿಗಳು ಅದೇ ಸಂಗ್ರಹದಿಂದ ಚಿತ್ರಗಳನ್ನು ತೆಗೆದು, 'ಭ್ರಷ್ಟ ಕಲೆ' ಎಂದು ತಾವು ಹೆಸರಿಟ್ಟು ಊರೂರು ತಿರುಗಿಸುತ್ತಿದ್ದ ಪ್ರದರ್ಶನದಲ್ಲಿ ತೂಗುಹಾಕಿ ಜನ ನಗುವಂತೆ ಮಾಡಿದರು. ಚಿತ್ರ ಬರೆದ ರೋಗಿಗಳಲ್ಲಿ ಕೆಲವರನ್ನು, ಬಾಳಲು ಅರ್ಹರಲ್ಲವೆಂದು ೧೯೪೦ರಲ್ಲಿ ವಿಷಾನಿಲದಿಂದ ಕೊಂದರು. ಗೌರವದಿಂದ ಕೂಡಿಟ್ಟದ್ದು ಹಗೆಯ ಕೈಗೆ ಸಿಕ್ಕಿತು. ನನ್ನ ನಡುಮನೆಗೂ ಆ ಕ್ರೌರ್ಯಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಎರಡು ಕಡೆಯೂ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: "ಇದನ್ನು ತೋರಿಸಬಹುದೆ?" ಹೊಗಳಲು ಗೋಡೆಗೆ ಹಾಕುವವನೂ ತೆಗಳಲು ಹಾಕುವವನೂ ಆ ಒಂದು ಪ್ರಶ್ನೆಯನ್ನು ನುಂಗಿದರೆ, ಅವರ ನಡುವಿನ ಅಂತರ ನಾವು ಎಣಿಸಿದಷ್ಟು ದೊಡ್ಡದಲ್ಲ.

ಆ ತರುಣಿ ಮಾಡುತ್ತಿದ್ದುದರ ಅರ್ಥ ನನಗೆ ಆಗ ತಿಳಿಯಿತು. ಅವಳು ಒಂದು ದಿನವೂ, "ಇದು ಹೀಗೆ ಎಂದು ಅರ್ಥ" ಎನ್ನಲಿಲ್ಲ. "ಚೆನ್ನಾಗಿದೆ" ಎಂದೂ ಅನ್ನಲಿಲ್ಲ. ಅದು ನನಗೆ ಬಿಗುಮಾನವೆಂದು ತೋರಿತ್ತು. "ಇದು ಏನಮ್ಮ?" ಎಂದು ಕೇಳಿ, ಉತ್ತರ ಬರಲಿ ಬಾರದಿರಲಿ, ಕಾಯುತ್ತಿದ್ದಳು. ಏಳುವ ಮುಂಚೆ, "ಇದನ್ನು ಇಡಲೋ, ಹರಿಯಲೋ?" ಎಂದು ಪ್ರತಿ ದಿನ ಕೇಳುತ್ತಿದ್ದಳು. ಅಕ್ಕ ತಲೆಯಾಡಿಸಿದಂತೆ ನಡೆಯುತ್ತಿತ್ತು. ಮಗನ ಸಾವಿಗೆ ಯಾರೂ ಅವಳ ಒಪ್ಪಿಗೆ ಕೇಳಿರಲಿಲ್ಲ. ಆಸ್ಪತ್ರೆಗೆ ಸೇರಿಸುವಾಗ ನಾವೂ ಕೇಳಿದೆವೆಂದು ಹೇಳಲಾರೆ. ಲೋಕದಲ್ಲಿ ಏನೊಂದೂ ತನ್ನ ಕೈಯಲ್ಲಿಲ್ಲವೆಂದು ಕುಸಿದವಳಿಗೆ, ಒಂದು ಹಾಳೆಯ ಮಟ್ಟಿಗೆ, ಇಡುವ ಹರಿಯುವ ಅಧಿಕಾರವನ್ನು ಮರಳಿ ಕೊಟ್ಟರು. ಚಿಕಿತ್ಸೆ ಎಂದರೆ ಬಣ್ಣವಲ್ಲ, ಆ ಅಧಿಕಾರ ಎಂದು ಈಗ ನಾನು ತಿಳಿದಿದ್ದೇನೆ. ಅದನ್ನೇ ನಾನು ಆರು ದಿನ ಕಸಿದುಕೊಂಡಿದ್ದೆ.

ಇಷ್ಟಾದರೂ ಇನ್ನೊಂದು ಆಕ್ಷೇಪ ಉಳಿಯುತ್ತದೆ. ಅದು ಇದಕ್ಕಿಂತ ಬಲವಾದದ್ದು. ನಮ್ಮೂರಿನ ಒಬ್ಬ ಹಿರಿಯ ನೇಕಾರರಿಗೆ ನಾನು ಈ ಕಥೆ ಹೇಳಿದಾಗ ಅವರು, "ಸರಿ ಕಣಪ್ಪ, ದುಃಖಕ್ಕೆ ಬಣ್ಣ ಕೊಡ್ತೀರಿ. ಸಾಲಕ್ಕೆ ಏನು ಕೊಡ್ತೀರಿ?" ಎಂದರು. ವಿದ್ಯುತ್ ಮಗ್ಗದ ಅಗ್ಗದ ಸೀರೆ ಬಂದ ಮೇಲೆ ಕೈಮಗ್ಗದವನ ಸಂಕಟ ಮನಸ್ಸಿನದಲ್ಲ, ಸಂತೆಯದು. ಅವನಿಗೆ ಹಾಳೆ ಕೊಟ್ಟು ಹೂವು ಬರೆ ಎಂದರೆ ಅದು ಅಪಹಾಸ್ಯವಾದೀತು. ಅನ್ಯಾಯದಿಂದ ನೊಂದವನನ್ನು ಸಮಾಧಾನಗೊಳಿಸುವುದು ಅನ್ಯಾಯಕ್ಕೆ ಸಹಾಯ ಮಾಡಿದಂತಲ್ಲವೆ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಎಂಬ ಮಹಾತಾಯಿ ಇದ್ದರು. ಅಕ್ಷರ ಬಾರದವರು, ಸಾವಿರಾರು ಪದಗಳು ಅವರ ಬಾಯಲ್ಲಿದ್ದವು. ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಸಿರಿಯಜ್ಜಿಯವರು ತಮ್ಮ ಪದಗಳನ್ನು ತಾವಾಗಿ ಹಾಡಿ ಕೊಟ್ಟವರು, ಆದ್ದರಿಂದ ಅವು ಲೋಕದವಾದದ್ದು ನ್ಯಾಯ. ಆದರೆ ನಾನು ಹೇಳಬೇಕೆಂದದ್ದು ಬೇರೆ. ಆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನೂ ಹೆತ್ತ ಬಾಣಂತಿಯನ್ನೂ ಹಟ್ಟಿಯಿಂದ ಹೊರಗೆ ಗುಡಿಸಲಲ್ಲಿ ಇರಿಸುವ ಪದ್ಧತಿ ಬಹುಕಾಲ ನಡೆದುಬಂದಿದೆ. ಹಾಗೆ ಹೊರಗಿರುವ ಹೆಣ್ಣಿಗೆ, ಬೀಸುವಾಗ ಕಲಿತ ಪದ ಒಂದೇ ಒಡನಾಡಿ. ಪದ ಅವಳನ್ನು ಆ ರಾತ್ರಿ ಉಳಿಸಿತು ಎಂಬುದು ನಿಜ. ಗುಡಿಸಲನ್ನು ಕೆಡವಲಿಲ್ಲ ಎಂಬುದೂ ಅಷ್ಟೇ ನಿಜ. ಹೆಣ್ಣನ್ನು ಬಲವಂತವಾಗಿ ಹಾಗೆ ಹೊರಗಿಡುವುದು ಅಪರಾಧವೆಂದು ಹೇಳಲು ೨೦೧೭ರಲ್ಲಿ ರಾಜ್ಯದ ಶಾಸನಸಭೆ ಅಂಗೀಕರಿಸಿದ ಮೌಢ್ಯನಿಷೇಧದ ಕಾನೂನು ಬೇಕಾಯಿತು.

ಹಾಗಾದರೆ ಪದ ವ್ಯರ್ಥವೆ? ಕಾನೂನು ಬರುವವರೆಗೆ ಅವಳು ಮೂಕಳಾಗಿರಬೇಕಿತ್ತೆ? ಹಾಗೆನ್ನುವುದು ಹೊಟ್ಟೆ ತುಂಬಿದವರ ತರ್ಕ. ದುಃಖದಲ್ಲಿರುವವನು ತನ್ನ ದುಃಖಕ್ಕೆ ರೂಪ ಕೊಡುವುದು ಒಂದು. ಅವನ ದುಃಖಕ್ಕೆ ಕಾರಣರಾದವರು ರೂಪ ಕೊಡೆಂದು ಅವನಿಗೆ ಹಾಳೆ ಹಂಚುವುದು ಇನ್ನೊಂದು. ಮೊದಲನೆಯದು ಹಕ್ಕು, ಎರಡನೆಯದು ಮೋಸ. ಕೂಲಿ ಕಡಿಯುವ ಧಣಿ ಕೆಲಸಗಾರರಿಗೆ ಚಿತ್ರಕಲೆಯ ಶಿಬಿರ ನಡೆಸಿದರೆ ಅದನ್ನು ಸಂಶಯದಿಂದಲೇ ನೋಡಬೇಕು. ಆದರೆ ಮಗನನ್ನು ಕಳೆದುಕೊಂಡವಳಿಗೆ ಯಾವ ನ್ಯಾಯಾಲಯವೂ ಮಗನನ್ನು ಕೊಡಲಾರದು. ಬಾಳಿನಲ್ಲಿ ಸರಿಪಡಿಸಬಹುದಾದ ದುಃಖಗಳಿವೆ, ಹೊರಲೇಬೇಕಾದ ದುಃಖಗಳಿವೆ. ಮೊದಲನೆಯದನ್ನು ಎರಡನೆಯದೆಂದು ನಂಬಿಸುವುದು ಪಾಪ. ಎರಡನೆಯದನ್ನು ಹೊರುವವಳ ಕೈಗೆ ಊರುಗೋಲು ಕೊಡದಿರುವುದೂ ಪಾಪ. ಹಿರಿಯ ನೇಕಾರರಿಗೆ ನಾನು ಇದನ್ನೇ ಹೇಳಿದೆ. ಅವರು, "ಎರಡೂ ಒಂದೇ ಮನೇಲಿ ಇರ್ತಾವಲ್ಲಪ್ಪ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಮತ್ತೆ ನೋಡಿಬಂದೆ. ಬಿ. ಎಲ್. ರೈಸರು ೧೮೯೨ರಲ್ಲಿ ಬೆಳಕಿಗೆ ತಂದ ಬಂಡೆ ಅದು. ಉಪಾಸಕನಾದ ಮೊದಲಲ್ಲಿ ತಾನು ಸಾಕಷ್ಟು ಶ್ರಮಪಡಲಿಲ್ಲವೆಂದು ಚಕ್ರವರ್ತಿ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ದೊರೆಯುತ್ತದೆ ಎನ್ನುತ್ತಾನೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನೂ ಕೆತ್ತಿದ್ದಾನೆ. ಚಿತ್ರ ಬರೆಯಲು ಚಿತ್ರಕಾರನೇ ಆಗಬೇಕಿಲ್ಲ ಎಂಬ ಇಂದಿನ ಮಾತಿಗೆ ಇದಕ್ಕಿಂತ ಹಳೆಯ ಸಮರ್ಥನೆ ನನಗೆ ಬೇಡ. ಆದರೆ ಅಂದು ನನ್ನ ಮನಸ್ಸಿಗೆ ಬಂದದ್ದು ಬೇರೆ ಸಂಗತಿ. ಕಳಿಂಗದ ಯುದ್ಧದಲ್ಲಿ ಸತ್ತವರಿಗಾಗಿ ಅಶೋಕ ಪಟ್ಟ ಪಶ್ಚಾತ್ತಾಪ ಅವನ ಹದಿಮೂರನೆಯ ಬಂಡೆಶಾಸನದಲ್ಲಿದೆ. ಆ ಶಾಸನ ವಾಯವ್ಯದ ಗಡಿಯಲ್ಲಿದೆ, ಪಶ್ಚಿಮದಲ್ಲಿದೆ. ಕಳಿಂಗದೊಳಗಿನ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಇಲ್ಲ. ಅಲ್ಲಿ ಅದನ್ನು ಬಿಟ್ಟು ಬೇರೆ ಶಾಸನಗಳನ್ನು ಹಾಕಿಸಿದ್ದಾರೆ. ಕಾರಣ ರಾಜನೀತಿಯಿರಬಹುದು, ಸಂಕೋಚವಿರಬಹುದು. ಏನೇ ಇರಲಿ, ತನ್ನ ದುಃಖ ಎಲ್ಲಿ ಓದಲ್ಪಡಬೇಕು, ಎಲ್ಲಿ ಓದಲ್ಪಡಬಾರದು ಎಂಬುದನ್ನು ಚಕ್ರವರ್ತಿ ತಾನೇ ಆರಿಸಿಕೊಂಡ. ದೊಡ್ಡವರಿಗೆ ಮೀಸಲಲ್ಲ ಎಂದು ಅವನೇ ಹೇಳಿದ ಮೇಲೆ, ಆ ಆಯ್ಕೆ ಅಕ್ಕನಿಗೂ ಇರಬೇಕಲ್ಲವೆ?

ಅಕ್ಕ ಈಗ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಇದ್ದಾಳೆ, ನಡೆದಾಡುತ್ತಾಳೆ, ಮಾತಾಡುತ್ತಾಳೆ. ಹೊತ್ತು ಇಳಿದ ಮೇಲೆ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ. ಅಂಗಡಿಯಿಂದ ಒಂದು ಉದ್ದ ನೋಟು ಪುಸ್ತಕವನ್ನೂ ಮಕ್ಕಳ ಬಣ್ಣದ ಡಬ್ಬಿಯನ್ನೂ ತಾನೇ ಕೊಂಡಿದ್ದಾಳೆ. ಅದು ಅವಳ ಟ್ರಂಕಿನಲ್ಲಿದೆ. ನಾನು ಕೇಳಿಲ್ಲ, ಅವಳು ತೋರಿಸಿಲ್ಲ.

ಈ ಪ್ರಬಂಧ ಬರೆಯುವ ಮುಂಚೆ ಮಾತ್ರ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನೀನು ಮಾಡಿದ್ದನ್ನ ಬರ್ಕೊ. ನಾನು ಬರೆದಿದ್ದನ್ನ ಬರೀಬೇಡ" ಎಂದಳು. ಆದ್ದರಿಂದಲೇ ಆ ಚಿತ್ರದಲ್ಲಿ ಏನಿತ್ತೆಂದು ನಾನು ಇಲ್ಲಿ ಎಲ್ಲಿಯೂ ಹೇಳಿಲ್ಲ. ಓದುಗರಲ್ಲಿ ಕೆಲವರಿಗೆ ಅದು ಕೊರತೆಯೆಂದು ತೋರಬಹುದು. ಮೊಳೆಯನ್ನು ಕಿತ್ತುಬಿಡಬಾರದೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಇರಲಿ ಎಂದಿದ್ದೇನೆ, ನನಗೆ ನೆನಪಿರಲಿ ಎಂದು.